ಸೈಪ್ರೆಸ್ ಬೇಲಿ ಒಣಗ್ತಿದೆ, ಅದರ ಮೇಲೆ ಹಸಿರು-ಕೆಂಪು ತಿಗಣೆ ಕೂತಿದೆ, ಸ್ಪ್ರೇ ಹೊಡೀಬೇಕಾ?

ಪ್ರಶ್ನೆ: ಸರ್, ನಾವಿರೋದು ಇಂಗ್ಲೆಂಡಿನ ಸರ್ರೆ ಕಡೆ. ಹೋದ ವರ್ಷ ತಗೊಂಡ ಮನೆ ಹಿಂದೆ ಎರಡಾಳು ಎತ್ತರದ ಲಾಸನ್ ಸೈಪ್ರೆಸ್ ಬೇಲಿ ಇದೆ. ಆಗಸ್ಟ್‌ನಿಂದ ಒಂದು ಪಕ್ಕದಲ್ಲಿ ಕೆಳಗಿನ ಭಾಗ ಕಂದು ಬಣ್ಣಕ್ಕೆ ತಿರುಗಿ ಒಣಗ್ತಾ ಇದೆ. ಹತ್ರ ಹೋಗಿ ನೋಡಿದ್ರೆ ಅಲ್ಲೇ ಸುತ್ತಮುತ್ತ ಹಸಿರು ಮೈ, ಬೆನ್ನ ಮೇಲೆ ಕೆಂಪಗೆ ಬಾಗಿದ ಗುರುತು ಇರೋ ಹುಳಗಳು ಕೂತಿದ್ದವು. ಪಕ್ಕದ ಮನೆಯವರು ಇದು ಸ್ಟಿಂಕ್ ಬಗ್, ಈಗ್ಲೇ ಸ್ಪ್ರೇ ಹೊಡೀರಿ, ಇಲ್ಲಾಂದ್ರೆ ಬೇಲಿ ಪೂರ್ತಿ ಹೋಗುತ್ತೆ, ಚಳಿಗೆ ಮನೆ ಒಳಗೂ ಬರುತ್ತೆ ಅಂತಾರೆ. ನಿಜಾನಾ? ಮಗಳು ಒಂದನ್ನ ಹಿಡಿದು ಡಬ್ಬಿಯಲ್ಲಿ ಇಟ್ಕೊಂಡಿದಾಳೆ, ಕಚ್ಚುತ್ತಾ?

ಉತ್ತರ: ಮೊದಲು ಮಗಳ ವಿಷಯ. ಕಚ್ಚಲ್ಲ, ಡಬ್ಬಿಯಲ್ಲಿ ಇಟ್ಕೊಂಡು ನೋಡ್ಲಿ ಬಿಡಿ, ಆಮೇಲೆ ಕೈ ತೊಳ್ಕೊಂಡ್ರೆ ಆಯ್ತು. ಎರಡನೇದು ಸ್ಪ್ರೇ ಹೊಡೀಬೇಡಿ. ಬೇಲಿ ಒಣಗಿದ್ದಕ್ಕೂ ಈ ಹುಳಕ್ಕೂ ಸಂಬಂಧ ಇಲ್ಲ. ಯಾಕೆ ಇಲ್ಲ ಅಂತ ಹೇಳೋಕೆ ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಬೇಲಿ ಒಣಗಿಸಿದ್ದು ಬೇರೆ ಯಾರು ಅನ್ನೋದನ್ನೂ ಹೇಳ್ಬೇಕು, ಅದನ್ನ ಹೇಳದೆ ಬರೀ "ಇದು ಪಾಪದ ಹುಳ" ಅಂದ್ರೆ ನಿಮಗೆ ಉಪಯೋಗ ಏನು.

ನೀವು ಹೇಳಿದ ಗುರುತು ನೋಡಿದ್ರೆ ಇದು ಜ್ಯೂನಿಪರ್ ಶೀಲ್ಡ್ ಬಗ್. ವೈಜ್ಞಾನಿಕ ಹೆಸರು ಸೈಫೊಸ್ಟೀಥಸ್ ಟ್ರೈಸ್ಟ್ರಿಯಾಟಸ್. ಜೀವಿಗಳಿಗೆ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನೇಯಸ್ ಅವರ ಶಿಷ್ಯ ಫ್ಯಾಬ್ರೀಸಿಯಸ್ 1787ರಲ್ಲಿ ಇದನ್ನ ವರ್ಣಿಸಿದ್ರು. ಟ್ರೈಸ್ಟ್ರಿಯಾಟಸ್ ಅಂದ್ರೆ ಮೂರು ಗೆರೆಯದು ಅಂತ ಅರ್ಥ, ಆದ್ರೆ ನಮ್ಮ ನಿಮ್ಮ ಕಣ್ಣಿಗೆ ಮೊದಲು ಬೀಳೋದು ಗೆರೆ ಅಲ್ಲ, ಎರಡು ರೆಕ್ಕೆ ಮೇಲೆ ಒಂದೊಂದರಂತೆ ಇರೋ ಬೂಮರಾಂಗ್ ಆಕಾರದ ಗುಲಾಬಿ-ಕೆಂಪು ಪಟ್ಟೆ. ಉದ್ದ ಸುಮಾರು ಒಂದು ಸೆಂಟಿಮೀಟರ್, ಉಳಿದ ಮೈಯೆಲ್ಲ ಎಳೆ ಹಸಿರು. ಸೈಪ್ರೆಸ್ ಎಲೆ ಹತ್ರದಿಂದ ನೋಡಿ, ಹಸಿರು ಚಿಪ್ಪುಗಳು ಒಂದರ ಮೇಲೊಂದು ಜೋಡಿಸಿದ ಹಾಗಿರುತ್ತೆ, ನಡುವೆ ಅಲ್ಲಲ್ಲಿ ಕಂದುಗೆಂಪು ಕಡ್ಡಿ. ಆ ಹುಳಾನ ಅದರ ಮೇಲೆ ಇಟ್ರೆ ಎರಡು ಅಡಿ ದೂರದಿಂದ ಕಾಣಲ್ಲ. ಅಂಗೈ ಮೇಲೆ ಇಟ್ಕೊಂಡಾಗ ಮಾತ್ರ ಅಬ್ಬಾ ಎಂಥಾ ಬಣ್ಣ ಅನ್ಸೋದು.

ಇದರ ಜೊತೆ ಗೊಂದಲ ಆಗೋವು ಇನ್ನೆರಡಿವೆ, ಎರಡೂ ಹಸಿರು-ಕೆಂಪೇ. ಹಾಥಾರ್ನ್ ಶೀಲ್ಡ್ ಬಗ್ ಅಂತ ಒಂದು, ಅದು ಇದಕ್ಕಿಂತ ಸಾಕಷ್ಟು ದೊಡ್ಡದು, ಉದ್ದನೆ ಮೈ, ಭುಜದ ತುದಿ ಚೂಪು, ಹಾಥಾರ್ನ್ ಗಿಡದ ಕೆಂಪು ಹಣ್ಣುಗಳ ಮೇಲೆ ಇರುತ್ತೆ. ಇನ್ನೊಂದು ಬರ್ಚ್ ಶೀಲ್ಡ್ ಬಗ್, ಸೈಜ್ ಹೆಚ್ಚುಕಮ್ಮಿ ಒಂದೇ, ಆದ್ರೆ ಅದರ ಕೆಂಪು ಇರೋದು ಬೆನ್ನಿನ ನಡುಭಾಗದಲ್ಲಿ, ತ್ರಿಕೋನದ ಸುತ್ತ. ನಿಮ್ಮದರಲ್ಲಿ ಕೆಂಪು ರೆಕ್ಕೆಯ ಹೊರಭಾಗದಲ್ಲಿ ಬಾಗಿಕೊಂಡಿರುತ್ತೆ. ಸೈಪ್ರೆಸ್ ಮೇಲೆ ಹತ್ತಾರು ಸಂಖ್ಯೆಯಲ್ಲಿ ಸಿಕ್ಕಿದೆ ಅಂದ್ಮೇಲೆ ಅನುಮಾನಾನೇ ಬೇಡ.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಈ ಗುಂಪಿಗೆಲ್ಲ ತಿಗಣೆ ಅಂತೀವಿ, ಅದರಿಂದ್ಲೇ ಅರ್ಧ ಭಯ. ತಿಗಣೆ ಅಂದ ತಕ್ಷಣ ಮಂಚದ ಸಂದಿ ನೆನಪಾಗುತ್ತೆ, ಮೈ ಕೆರೆಯೋಕೆ ಶುರು ಆಗುತ್ತೆ. ಸಂಬಂಧ ಇಲ್ಲ ಅಂತಲ್ಲ, ದೂರದ ದಾಯಾದಿಗಳು, ಎರಡರ ಬಾಯೂ ಸೂಜಿ ಥರ. ಆದ್ರೆ ಮಂಚದ್ದು ರಕ್ತ ಹೀರುತ್ತೆ, ಇದು ಗಿಡದ ರಸ ಹೀರುತ್ತೆ. ಬೆನ್ನ ಮೇಲೆ ದೊಡ್ಡ ತ್ರಿಕೋನದ ಚಿಪ್ಪು ಇರೋದ್ರಿಂದ, ಒಟ್ಟು ಆಕಾರ ಗುರಾಣಿ ಥರ ಇರೋದ್ರಿಂದ ಶೀಲ್ಡ್ ಬಗ್, ನಾನು ಗುರಾಣಿ ತಿಗಣೆ ಅಂತೀನಿ.

ಪಕ್ಕದ ಮನೆಯವರ "ಸ್ಟಿಂಕ್ ಬಗ್" ಪೂರ್ತಿ ತಪ್ಪೇನಲ್ಲ. ನಿಜವಾದ ಸ್ಟಿಂಕ್ ಬಗ್‌ಗಳ ಕುಟುಂಬ ಪೆಂಟಟೊಮಿಡೇ, ನಿಮ್ಮ ಬೇಲಿಯಲ್ಲಿ ಇರೋದು ಅಕ್ಯಾಂಥೊಸೊಮಾಟಿಡೇ ಅನ್ನೋ ಪಕ್ಕದ ಕುಟುಂಬ. ವ್ಯತ್ಯಾಸ ನೋಡ್ಬೇಕಂದ್ರೆ ಲೆನ್ಸ್ ತಗೊಂಡು ಪಾದದ ಗೆಣ್ಣು ಎಣಿಸಿ, ಇದಕ್ಕೆ ಎರಡು, ಅವಕ್ಕೆ ಮೂರು. ವಾಸನೆ ಇವೂ ಬಿಡ್ತವೆ. ದೊಡ್ಡ ಹುಳಕ್ಕೆ ಎದೆಯ ಅಡಿಯಲ್ಲಿ, ಹಿಂಗಾಲಿನ ಹತ್ರ ವಾಸನೆ ಗ್ರಂಥಿ, ಮರಿಗಳಿಗೆ ಬೆನ್ನ ಮೇಲೆ. ಮರಿಗೆ ಬೆನ್ನ ಮೇಲೇ ಯಾಕೆ ಅಂದ್ರೆ ಅದಕ್ಕಿನ್ನೂ ರೆಕ್ಕೆ ಮುಚ್ಚಿರಲ್ಲ, ದೊಡ್ಡದಾದ್ಮೇಲೆ ರೆಕ್ಕೆ ಬೆನ್ನನ್ನ ಮುಚ್ಚಿಬಿಡುತ್ತೆ, ಆಗ ಕೆಲಸಕ್ಕೆ ಬರೋದು ಅಡಿಯ ಗ್ರಂಥಿ. ಶೀಲ್ಡ್ ಬಗ್‌ಗಳ ಈ ವಾಸನೆಯಲ್ಲಿರೋ ಆಲ್ಡಿಹೈಡ್ ಅನ್ನೋ ರಾಸಾಯನಿಕ‌ಗಳಲ್ಲಿ ಕೆಲವು ಕೊತ್ತಂಬರಿ ಸೊಪ್ಪಿನಲ್ಲಿರೋವೇ, ಅದಕ್ಕೇ ಕೆಲವರಿಗೆ ಕೊತ್ತಂಬರಿ ತಿಗಣೆ ವಾಸನೆ ಬರುತ್ತೆ ಅನ್ಸೋದು, ಆ ಮೂಗು ಸುಳ್ಳು ಹೇಳ್ತಿಲ್ಲ. ಒತ್ತಿ ಹಿಡಿದ್ರೆ ಮಾತ್ರ ವಾಸನೆ. ಅಂಗೈ ಮೇಲೆ ತಾನಾಗೇ ಹತ್ತೋಕೆ ಬಿಟ್ರೆ ಸುಮ್ನೆ ನಡ್ಕೊಂಡು ಹೋಗುತ್ತೆ.

ಈಗ ಮುಖ್ಯ ವಿಷಯ, ಇದು ತಿನ್ನೋದು ಏನು. ಗಲ್ಲದ ಕೆಳಗೆ ಮಡಚಿಟ್ಟ ಕೊಳವೆ ಇದೆಯಲ್ಲ, ಅದನ್ನ ಬಿಚ್ಚಿ ಕಾಯಿಗೆ ಚುಚ್ಚಿ, ಜೊಲ್ಲು ಒಳಗೆ ಬಿಟ್ಟು ಕರಗಿಸಿ, ಮತ್ತೆ ಹೀರಿಕೊಳ್ಳುತ್ತೆ. ಗಮನಿಸಿ, ಕಾಯಿಗೆ. ಜ್ಯೂನಿಪರ್ ಮೇಲಿದ್ರೆ ಅದರ ಹಣ್ಣು, ಸೈಪ್ರೆಸ್ ಮೇಲಿದ್ರೆ ಆ ಬಟಾಣಿ ಗಾತ್ರದ ಗುಂಡು ಕಾಯಿ. ಮರಿಗಳು ಬೆಳೆಯೋದೇ ಈ ಕಾಯಿಗಳ ಮೇಲೆ. ಒಂದು ಕೊಂಬೆಯನ್ನ ಬುಡದಿಂದ ತುದಿವರೆಗೆ ಕಂದು ಮಾಡಿ ಸಾಯಿಸೋ ಕೆಲಸ ಇದರ ಕೈಲಿ ಆಗಲ್ಲ. ನಿಮ್ಮ ಬೇಲಿಗೆ ಕಾಯಿ ಹೋದ್ರೆ ನಿಮಗೇನು ನಷ್ಟ, ನೀವೇನು ಬೀಜ ಮಾರ್ತೀರಾ?

ಹಾಗಾದ್ರೆ ಒಣಗಿಸಿದ್ದು ಯಾರು. ನನ್ನ ಅನುಮಾನ ಸೈಪ್ರೆಸ್ ಏಫಿಡ್ ಮೇಲೆ, ಅಂದ್ರೆ ಸೈಪ್ರೆಸ್ ಹೇನು. ಕಂದು-ಬೂದು ಬಣ್ಣ, ಎರಡರಿಂದ ನಾಲ್ಕು ಮಿಲಿಮೀಟರ್, ಬೇಲಿಯ ಒಳಗಡೆ ಕಡ್ಡಿಗಳಿಗೆ ಅಂಟಿಕೊಂಡು ರಸ ಹೀರುತ್ತೆ, ಬಣ್ಣ ಕಡ್ಡಿ ಬಣ್ಣಕ್ಕೇ ಹೊಂದೋದ್ರಿಂದ ಹುಡುಕಿದ್ರೂ ಸಿಗಲ್ಲ. ಇದರ ಕಿತಾಪತಿ ಇರೋದು ಟೈಮಿಂಗ್‌ನಲ್ಲಿ. ಹೇನು ಜೋರಾಗಿರೋದು ಬೇಸಿಗೆ ಶುರುವಿನಲ್ಲಿ, ಎಲೆ ಕಂದಾಗಿ ಕಾಣೋಕೆ ಶುರು ಆಗೋದು ಬೇಸಿಗೆ ನಡುವಿಂದ ಕೊನೆಗೆ, ಅಷ್ಟೊತ್ತಿಗೆ ಹೇನುಗಳಲ್ಲಿ ಹೆಚ್ಚಿನವು ಜಾಗ ಖಾಲಿ ಮಾಡಿರ್ತವೆ. ಅದೇ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನಮ್ಮ ಗುರಾಣಿ ತಿಗಣೆಯ ಹೊಸ ಪೀಳಿಗೆ ರೆಕ್ಕೆ ಬಂದು ಹೊರಗೆ ಕಾಣಿಸ್ಕೊಳ್ಳುತ್ತೆ, ಹಸಿರು-ಕೆಂಪು ಬಣ್ಣ ಬೇರೆ, ನೀವು ಒಣಗಿದ ಕೊಂಬೆ ನೋಡೋಕೆ ಅಂತ ಬಗ್ಗಿದಾಗ ಮೊದಲು ಕಣ್ಣಿಗೆ ಬೀಳೋದು ಇದೇ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ. ಒಣಗಿದ ಬೇಲಿ ಅಂತ ನನ್ನ ಹತ್ರ ಬರೋ ಫೋಟೋಗಳಲ್ಲೂ ಎಷ್ಟೋ ಸಲ ಮೇಕೆಯದೇ ಫೋಟೋ ಇರುತ್ತೆ.

ಹೇನೇನೋ ಅಲ್ವೋ ಅಂತ ನೀವೇ ನೋಡ್ಬಹುದು. ಒಣಗಿದ ಜಾಗ ಮತ್ತೆ ಹಸಿರು ಜಾಗ ಸೇರೋ ಅಂಚಿನಲ್ಲಿ ಎಲೆ ಸರಿಸಿ ಒಳಗಿನ ಕಡ್ಡಿ ನೋಡಿ. ಮಸಿ ಬಳಿದ ಹಾಗೆ ಕಪ್ಪಗಿದ್ರೆ ಅದು ಹೇನು ಬಿಟ್ಟ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಹೇನು ಹೋದ್ಮೇಲೂ ಆ ಕಪ್ಪು ಉಳಿಯುತ್ತೆ, ಅದೇ ಸಾಕ್ಷಿ. ಬೇಸಿಗೆಯಲ್ಲಿ ಬೇಲಿಯ ಸುತ್ತ ಕಣಜಗಳು ವಿನಾಕಾರಣ ಓಡಾಡ್ತಿದ್ವು ಅನ್ನೋದು ನೆನಪಿದ್ರೆ ಅದೂ ಆ ಸಿಹಿಗೇ. ಈ ಹೇನನ್ನ ಸಣ್ಣದು ಅಂತ ತಳ್ಳಿಹಾಕೋ ಹಾಗಿಲ್ಲ, 1986ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ಕಾಣಿಸ್ಕೊಂಡು ಕೆಲವೇ ವರ್ಷದಲ್ಲಿ ಕೆನ್ಯಾವರೆಗೂ ಹೋಗಿ ಸೈಪ್ರೆಸ್ ತೋಪುಗಳನ್ನೇ ಒಣಗಿಸಿದ ಜಾತಿ ಇದು.

ಕಪ್ಪು ಬೂಷ್ಟು ಇಲ್ಲ ಅಂದ್ರೆ ಬೇರೆ ಕಡೆ ನೋಡ್ಬೇಕು. ಹಿಂದಿನ ಮನೆಯವರು ಬೇಲಿಯನ್ನ ತೀರಾ ಒಳಗೆ, ಕಂದು ಕಡ್ಡಿ ತನಕ ಕತ್ತರಿಸಿದ್ರೆ ಅಲ್ಲಿಂದ ಮತ್ತೆ ಚಿಗುರು ಬರಲ್ಲ. ಲಾಸನ್ ಸೈಪ್ರೆಸ್, ಲೇಲ್ಯಾಂಡ್ ಸೈಪ್ರೆಸ್ ಎರಡರದ್ದೂ ಇದೇ ಹಟ, ಹಳೇ ಕಡ್ಡಿಯಿಂದ ಚಿಗುರಲ್ಲ, ಯೂ ಮರ ಮಾತ್ರ ಚಿಗುರುತ್ತೆ. ಒಂದು ಪಕ್ಕ ಅಲ್ಲದೆ ಒಂದಿಡೀ ಮರ ಮಂಕಾಗಿ, ಬಣ್ಣ ಕಳ್ಕೊಂಡು, ಬುಡದಿಂದಲೇ ಸಾಯ್ತಿದ್ರೆ ಮಾತ್ರ ಸ್ವಲ್ಪ ಗಂಭೀರ, ಫೈಟಾಫ್ಥೊರಾ ಲ್ಯಾಟರಾಲಿಸ್ ಅನ್ನೋ ರೋಗ ಇದೆ, ಲಾಸನ್ ಸೈಪ್ರೆಸ್‌ಗೆ ಮಾರಿ ಇದ್ದ ಹಾಗೆ, ಬ್ರಿಟನ್‌ನಲ್ಲಿ ನೆಟ್ಟ ಮರಗಳಲ್ಲಿ ಅದು ಪತ್ತೆ ಆಗಿದ್ದು 2010ರಲ್ಲಿ, ಸ್ಕಾಟ್ಲೆಂಡಿನ ಬ್ಯಾಲಕ್ ಪಾರ್ಕಿನಲ್ಲಿ. ನೀವು ಹೇಳಿದ ಲಕ್ಷಣ ಅದಲ್ಲ, ಆದ್ರೂ ಬುಡದ ತೊಗಟೆ ಒಂದು ಸಲ ನೋಡಿ.

ಇನ್ನು ಈ ಹುಳದ ಕಥೆ, ಇದನ್ನ ಹೇಳದೆ ಬಿಡೋಕೆ ನನಗೆ ಮನಸ್ಸಿಲ್ಲ. ನೀವಿರೋ ಸರ್ರೆ ಅಂದ್ರಲ್ಲ, ಇದರ ಹಳೇ ಮನೇನೂ ಅದೇ ಕಡೆ. ಬ್ರಿಟನ್ನಿನ ಸ್ವಂತ ಸೂಚಿಪರ್ಣಿ ಮರಗಳು ಅಂತ ಇರೋದೇ ಮೂರು, ಸ್ಕಾಟ್ಸ್ ಪೈನ್, ಯೂ, ಜ್ಯೂನಿಪರ್. ಜ್ಯೂನಿಪರ್ ಅಂದ್ರೆ ಜಿನ್‌ಗೆ ಆ ವಾಸನೆ ಕೊಡೋ ಗಿಡ. ಇಂಗ್ಲೆಂಡಿನ ದಕ್ಷಿಣದಲ್ಲಿ ಸುಣ್ಣಕಲ್ಲಿನ ಗುಡ್ಡಗಳಿವೆಯಲ್ಲ, ನಾರ್ತ್ ಡೌನ್ಸ್, ಚಿಲ್ಟರ್ನ್ಸ್, ಅಲ್ಲಿನ ಜ್ಯೂನಿಪರ್ ಪೊದೆಗಳೇ ಈ ತಿಗಣೆಯ ಲೋಕ. ಬಾಕ್ಸ್ ಹಿಲ್ ಹತ್ರ ಜ್ಯೂನಿಪರ್ ಹಾಲ್ ಅಂತ ಹಳೇ ಬಂಗಲೆ ಇದೆ, ಹೆಸರಲ್ಲೇ ಗಿಡ ಉಳ್ಕೊಂಡಿದೆ ನೋಡಿ. ಆ ಪೊದೆಗಳೋ ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಾ ಬಂದ್ವು. ಇರೋ ಗಿಡಗಳು ಮುದಿಯಾದ್ವು, ಹೊಸ ಸಸಿ ಎದ್ದರೆ ಕುರಿ ಮೊಲ ಬಿಡಲ್ಲ, ಸಾಲದು ಅಂತ 2011ರಲ್ಲಿ ಉತ್ತರದ ಅಪ್ಪರ್ ಟೀಸ್‌ಡೇಲ್‌ನಲ್ಲಿ ಜ್ಯೂನಿಪರ್‌ಗೇ ಬರೋ ಇನ್ನೊಂದು ಫೈಟಾಫ್ಥೊರಾ ಕಾಣಿಸ್ತು. ಇನ್ನೊಂದು ತೊಡಕು ಏನಂದ್ರೆ ಜ್ಯೂನಿಪರ್‌ನಲ್ಲಿ ಗಂಡು ಗಿಡ ಬೇರೆ ಹೆಣ್ಣು ಗಿಡ ಬೇರೆ, ಹಣ್ಣು ಬಿಡೋದು ಹೆಣ್ಣು ಗಿಡ ಮಾತ್ರ, ಅಂದ್ರೆ ಇರೋ ಪೊದೆಗಳಲ್ಲೂ ಎಷ್ಟೋ ಪೊದೆ ಮರಿಗಳಿಗೆ ಉಪವಾಸದ ಮನೆ. ಹಣ್ಣಿರೋ ಗಿಡ ಸಿಕ್ಕಿದ್ರೆ ಮಾತ್ರ ಹಬ್ಬ, ಯಾಕಂದ್ರೆ ಆ ಹಣ್ಣು ಮಾಗೋಕೆ ಎರಡು ವರ್ಷ ತಗೊಳ್ಳುತ್ತೆ, ಹಸಿರು ಕಾಯಿ ನೀಲಿ ಹಣ್ಣು ಎರಡೂ ಒಂದೇ ಗಿಡದಲ್ಲಿ ಇರ್ತವೆ.

ಹೀಗೆ ಗಿಡದ ಜೊತೆ ಹುಳಾನೂ ಕರಗಿ ಹೋಗ್ಬೇಕಿತ್ತು, ಲೆಕ್ಕದ ಪ್ರಕಾರ. ಹೋಗ್ಲಿಲ್ಲ. 1854ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಒಂದು ಸೈಪ್ರೆಸ್ ಮರದ ಬೀಜ ಎಡಿನ್‌ಬರೋದ ಲಾಸನ್ ನರ್ಸರಿಗೆ ಬಂತು, ನಿಮ್ಮ ಬೇಲಿಯ ಹೆಸರು ಅಲ್ಲಿಂದಾನೇ. ಅದು ಆಮೇಲೆ ತೋಟ, ಪಾರ್ಕು, ಸ್ಮಶಾನ, ಮನೆ ಬೇಲಿ ಅಂತ ದೇಶದ ತುಂಬ ಹಬ್ಬಿಕೊಳ್ತು. ಯಾರೂ ಈ ತಿಗಣೆ ಬಗ್ಗೆ ಯೋಚನೆ ಮಾಡಿ ನೆಟ್ಟಿದ್ದಲ್ಲ, ಪಕ್ಕದ ಮನೆ ಕಾಣ್ದೇ ಇರ್ಲಿ ಅಂತ ನೆಟ್ಟಿದ್ದು ಅಷ್ಟೆ. ಆದ್ರೆ ಜ್ಯೂನಿಪರ್ ಸೈಪ್ರೆಸ್ ಎರಡೂ ಒಂದೇ ಕುಟುಂಬದ ಗಿಡಗಳು, ನಮ್ಮ ತಿಗಣೆಗೆ ಕಾಯಿಯ ರುಚಿ ಒಗ್ಗಿತು, ಗುಡ್ಡದಿಂದ ಇಳಿದು ತೋಟಕ್ಕೆ ಬಂತು. ಒಂದು ಕಾಲಕ್ಕೆ ಹುಡುಕಿಕೊಂಡು ಗುಡ್ಡ ಹತ್ಬೇಕಿದ್ದ ಹುಳ ಈಗ ದಕ್ಷಿಣ ಮತ್ತೆ ಮಧ್ಯ ಬ್ರಿಟನ್ನಿನಲ್ಲಿ ಮಾಮೂಲಿ. ಲಾಸನ್ ಸೈಪ್ರೆಸ್ ಅಲ್ಲದೆ ವೆಸ್ಟರ್ನ್ ರೆಡ್ ಸೀಡರ್ ಮೇಲೂ ಸಿಗುತ್ತೆ. ಹೊರಗಿಂದ ತಂದ ಮರಗಳು ಕೆಟ್ಟದ್ದು ಅಂತ ನಮ್ಮ ಫೀಲ್ಡ್‌ನಲ್ಲಿ ಬಾಯಿಪಾಠ ಇದೆ, ನಾನೂ ಹೇಳ್ತೀನಿ, ಆದ್ರೆ ಈ ಒಂದು ಕೇಸಲ್ಲಿ ಬಾಯಿ ಮುಚ್ಕೋಬೇಕಾಗುತ್ತೆ.

ವರ್ಷದ ಲೆಕ್ಕ ಹೇಳ್ತೀನಿ, ಯಾವಾಗ ಏನು ನೋಡ್ಬಹುದು ಅಂತ ಗೊತ್ತಾಗ್ಲಿ. ವರ್ಷಕ್ಕೆ ಒಂದೇ ಪೀಳಿಗೆ. ಈಗ ನೀವು ನೋಡಿದ ದೊಡ್ಡ ಹುಳಗಳು ಚಳಿಗಾಲವನ್ನ ಹಾಗೇ ಕಳೀತವೆ, ಏಪ್ರಿಲ್‌ನಲ್ಲಿ ಮತ್ತೆ ಚುರುಕಾಗ್ತವೆ, ಜೋಡಿಯಾಗಿ ಮೊಟ್ಟೆ ಇಡ್ತವೆ, ಜೂನ್‌ನಿಂದ ಮರಿಗಳು. ಮರಿಗೆ ನಮ್ಮ ಪಠ್ಯಪುಸ್ತಕದಲ್ಲಿ "ಅಪ್ಸರೆ ಕೀಟ" ಅಂತ ಹೆಸರಿದೆ, ಇಂಗ್ಲಿಷಿನ ನಿಂಫ್ ಅನ್ನೋದನ್ನ ಯಾರೋ ಪುಣ್ಯಾತ್ಮರು ಹಾಗೇ ಅನುವಾದ ಮಾಡಿದ್ದು, ತಿಗಣೆ ಮರಿಗೆ ಅಪ್ಸರೆ ಅನ್ನೋಕೆ ನನಗಂತೂ ನಾಲಿಗೆ ಹೊರಳಲ್ಲ. ಚಿಟ್ಟೆ ಥರ ಕೋಶದ ಅವಸ್ಥೆ ಇಲ್ಲ, ಐದು ಹಂತ, ಐದು ಸಲ ಪೊರೆ ಬಿಡೋದು, ಪ್ರತಿ ಸಲ ಸ್ವಲ್ಪ ದೊಡ್ಡದು, ಕೊನೆ ಸಲ ಪೊರೆ ಬಿಟ್ಟಾಗ ರೆಕ್ಕೆ. ನಿಮ್ಮ ಮಗಳಿಗೆ ಮುಂದಿನ ಜುಲೈನಲ್ಲಿ ತೋರಿಸಿ, ರೆಕ್ಕೆ ಇಲ್ಲದ ದುಂಡನೆ ಮರಿಗಳು ಕಾಯಿಗೊಂದರಂತೆ ಕೂತಿರ್ತವೆ.

ಮೊಟ್ಟೆ ಬಗ್ಗೆ ಒಂದು ಸಂಗತಿ ನನಗೆ ಎಷ್ಟು ಸಲ ಹೇಳಿದ್ರೂ ಬೇಜಾರಾಗಲ್ಲ. ಗಿಡದ ರಸ ಕುಡ್ಕೊಂಡು ಬದುಕೋ ತಿಗಣೆಗಳಿಗೆ ಬೇಕಾದ ಪೋಷಕಾಂಶ ಎಲ್ಲ ಅದರಲ್ಲಿ ಸಿಗಲ್ಲ, ಅದಕ್ಕೆ ಕರುಳಿನ ಗೋಡೆಯ ಸಣ್ಣ ಸಣ್ಣ ಗೂಡುಗಳಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡಿರ್ತವೆ. ಈ ಅಕ್ಯಾಂಥೊಸೊಮಾಟಿಡೇ ಕುಟುಂಬದಲ್ಲಿ ತಾಯಿಗೆ ಹೊಟ್ಟೆಯ ತುದಿಯಲ್ಲಿ ಅದಕ್ಕೇ ಅಂತ ಒಂದು ಅಂಗ ಇದೆ, ಮೊಟ್ಟೆ ಇಡೋವಾಗ ಆ ಬ್ಯಾಕ್ಟೀರಿಯಾನ ಮೊಟ್ಟೆ ಮೇಲೆ ಸವರಿಬಿಡುತ್ತೆ. ಮರಿ ಹೊರಗೆ ಬಂದು ಮೊದಲು ಮಾಡೋ ಕೆಲಸ ತನ್ನ ಮೊಟ್ಟೆ ಚಿಪ್ಪನ್ನ ಚೀಪೋದು, ಆಗ ತಾಯಿಯ ಬ್ಯಾಕ್ಟೀರಿಯಾ ಮರಿಗೆ ದಾಟುತ್ತೆ. ಇದೇ ಕುಟುಂಬದ ಇನ್ನೊಂದು, ಪೇರೆಂಟ್ ಬಗ್ ಅಂತ, ಬರ್ಚ್ ಎಲೆ ಮೇಲೆ ಮೊಟ್ಟೆ ಇಟ್ಟು ಕೋಳಿ ಥರ ಮೇಲೆ ಕೂತು ಕಾಯುತ್ತೆ, ಶತ್ರು ಬಂದ್ರೆ ಬೆನ್ನಿನ ಗುರಾಣಿಯನ್ನ ಆ ಕಡೆ ವಾಲಿಸುತ್ತೆ.

ಚಳಿಗೆ ಮನೆ ಒಳಗೆ ಬರುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದು ಬೇರೆ ಹುಳದ ವಿಷಯ ಇರ್ಬೇಕು. ವೆಸ್ಟರ್ನ್ ಕಾನಿಫರ್ ಸೀಡ್ ಬಗ್ ಅಂತ ಒಂದಿದೆ, ಅದೂ ಸೂಚಿಪರ್ಣಿ ಮರದ್ದೇ, ಆದ್ರೆ ಗುರಾಣಿ ತಿಗಣೆ ಅಲ್ಲ. ಕಂದು ಬಣ್ಣ, ಇದರ ಎರಡರಷ್ಟು ಉದ್ದ, ಹಿಂಗಾಲಲ್ಲಿ ಎಲೆ ಅಂಟಿಸಿದ ಹಾಗೆ ಅಗಲದ ಭಾಗ. ಅಮೆರಿಕದ ಪಶ್ಚಿಮದಿಂದ ಹೊರಟು 1999ರಲ್ಲಿ ಇಟಲಿಯಲ್ಲಿ, 2007ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸ್ತು. ಶರತ್ಕಾಲದಲ್ಲಿ ಕಿಟಕಿ ಸಂದಿಯಿಂದ ಮನೆ ಒಳಗೆ ನುಗ್ಗೋದು ಅದು, ಜೋರಾಗಿ ಗುಂಯ್ ಅಂತ ಹಾರುತ್ತೆ, ಜನ ಹೆದರ್ತಾರೆ, ಅದೂ ಏನೂ ಮಾಡಲ್ಲ. ಅದರ ಹೊಟ್ಟೆ ಅಡಿಯಲ್ಲಿ ಇನ್ಫ್ರಾರೆಡ್ ಗ್ರಹಿಸೋ ಅಂಗ ಇದೆ, ಪೈನ್ ಕಾಯಿ ಸುತ್ತಲಿನ ಸೂಜಿ ಎಲೆಗಿಂತ ಬೆಚ್ಚಗಿರುತ್ತೆ, ಆ ಶಾಖ ನೋಡ್ಕೊಂಡು ಕಾಯಿ ಹುಡುಕುತ್ತೆ. ಪೈನ್ ಬೀಜ ಮಾರೋರಿಗೆ ಮಾತ್ರ ಅದು ನಿಜವಾದ ತಲೆನೋವು. ನಿಮ್ಮ ಜ್ಯೂನಿಪರ್ ತಿಗಣೆ ಒಂದೋ ಎರಡೋ ದಾರಿ ತಪ್ಪಿ ಒಳಗೆ ಬಂದ್ರೂ ಬರ್ಬಹುದು, ಮಂದೆ ಕಟ್ಕೊಂಡು ಬರೋ ಜಾತಿ ಅಲ್ಲ.

ಈಗ ಬೇಲಿಗೆ ಏನು ಮಾಡೋದು. ಪೂರ್ತಿ ಸತ್ತ ಕಡ್ಡಿಗಳನ್ನ ತೆಗೀರಿ, ಆದ್ರೆ ಹಸಿರಿನ ಗೆರೆ ದಾಟಿ ಒಳಗೆ ಕತ್ತರಿ ಹಾಕ್ಬೇಡಿ. ಅಕ್ಕಪಕ್ಕದ ಹಸಿರು ಕೊಂಬೆಗಳನ್ನ ಎಳೆದು ದಾರದಲ್ಲಿ ಕಟ್ಟಿ ಖಾಲಿ ಜಾಗ ಮುಚ್ಚೋದು ಹಳೇ ಉಪಾಯ, ನಿಧಾನ ಆದ್ರೂ ಕೆಲಸ ಮಾಡುತ್ತೆ. ಶರತ್ಕಾಲ ಬಂದ್ಮೇಲೆ ಟ್ರಿಮ್ ಮಾಡೋಕೆ ಹೋಗ್ಬೇಡಿ, ಅದನ್ನ ಬೇಸಿಗೆಯಲ್ಲೇ ಮುಗಿಸ್ಬೇಕು, ಕತ್ತರಿ ಹಾಕೋಕೆ ಮುಂಚೆ ಗೂಡು ಇದೆಯಾ ನೋಡ್ಲೇಬೇಕು, ಕಾಡುಹಕ್ಕಿ ಗೂಡು ಬಳಕೆಯಲ್ಲಿರೋವಾಗ ಕೆಡಿಸೋದು ಅಲ್ಲಿ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮುಂದಿನ ಮೇ ತಿಂಗಳಿಂದ ವಾರಕ್ಕೊಂದು ಸಲ ಒಳಗಿನ ಕಡ್ಡಿ ನೋಡ್ತಾ ಇರಿ, ಹೇನು ಸಿಗೋದು ಆಗಲೇ, ಏನಾದ್ರೂ ಮಾಡೋದಿದ್ರೆ ಮಾಡ್ಬೇಕಾದ್ದೂ ಆಗಲೇ. ಈಗ ಸ್ಪ್ರೇ ಹೊಡೆದ್ರೆ ಹೇನು ಬಹುಪಾಲು ಹೋಗಿಯಾಗಿದೆ, ಸಾಯೋದು ಗುರಾಣಿ ತಿಗಣೆ, ಜೊತೆಗೆ ಹೇನು ತಿನ್ನೋ ಗುಲಗಂಜಿ ಹುಳಗಳು, ಅಂದ್ರೆ ಮುಂದಿನ ವರ್ಷದ ಹೇನಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ನಿಮಗೆ ಎಷ್ಟಿವೆ ಅಂತ ಎಣಿಸೋ ಆಸಕ್ತಿ ಇದ್ರೆ ಕಾಯಿ ಜಾಸ್ತಿ ಇರೋ ಒಂದು ಕೊಂಬೆ ಕೆಳಗೆ ಬಿಳೀ ಬಟ್ಟೆ ಇಲ್ಲಾ ಬಿಚ್ಚಿದ ಕೊಡೆ ತಲೆಕೆಳಗೆ ಹಿಡಿದು ಕೋಲಿನಿಂದ ಎರಡೇಟು ತಟ್ಟಿ, ನಾವು ಫೀಲ್ಡ್‌ನಲ್ಲಿ ಮಾಡೋದೂ ಇದನ್ನೇ. ಸೆಪ್ಟೆಂಬರ್‌ನಲ್ಲಿ ದೊಡ್ಡವು, ಕೊನೆ ಹಂತದ ಮರಿಗಳು ಎರಡೂ ಒಟ್ಟಿಗೆ ಬೀಳ್ತವೆ. ಒತ್ತಾಗಿ ಟ್ರಿಮ್ ಮಾಡಿದ ಮುಖದಲ್ಲಿ ಕಾಯಿ ಕಮ್ಮಿ, ಅಲ್ಲಿ ಹುಳಾನೂ ಕಮ್ಮಿ. ಕತ್ತರಿ ತಾಗದ ಮೂಲೆಯಲ್ಲಿ ನೋಡಿ. ಮಗಳ ಡಬ್ಬಿಯಲ್ಲಿರೋದನ್ನ ಒಂದು ದಿನಕ್ಕಿಂತ ಜಾಸ್ತಿ ಇಡ್ಬೇಡಿ, ಬಿಡೋವಾಗ ನೆಲಕ್ಕೆ ಬಿಡೋ ಬದಲು ಬೇಲಿಯಲ್ಲೇ ಕಾಯಿ ಇರೋ ಕೊಂಬೆ ಮೇಲೆ ಬಿಡೋಕೆ ಹೇಳಿ.